ಬೆಕ್ಕಿನ ಚಿಗಟಕ್ಕೆ ಪುಡಿಯೋ, ಪಟ್ಟಿಯೋ, ಹನಿಯೋ?

ಮೊದಲೇ ಹೇಳಿಬಿಡುತ್ತೇನೆ: ಚಿಗಟ ಹೋಗಬೇಕಾದರೆ ಬೆಕ್ಕಿನ ಹೆಡಕಿಗೆ ಹಾಕುವ ಹನಿಯೇ ಸರಿ, ಜೊತೆಗೊಂದು ಸೀರಣಿಗೆ. ಪುಡಿಯ ಹೆಸರೆತ್ತಿದರೆ ನನಗೆ ಈಗಲೂ ಎದೆ ನಡುಗುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಚಿನ್ನಿ ಹಗಲೂ ರಾತ್ರಿ ಕೆರೆದುಕೊಳ್ಳತೊಡಗಿದಳು. ಬಾಲದ ಬುಡದ ಕೂದಲು ಸರಿಸಿದರೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಕಣಗಳು. ಒದ್ದೆ ಹತ್ತಿಯ ಮೇಲಿಟ್ಟು ಒತ್ತಿದೆ. ಕೆಂಗಂದು ಬಣ್ಣ ಬಿಟ್ಟಿತು. ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ.

"ನಾಯಿ, ಬೆಕ್ಕು ಎರಡಕ್ಕೂ ನಡೆಯುತ್ತದೆ" ಎಂದು ಅಂಗಡಿಯವರು ಕೊಟ್ಟ ಪುಡಿಯನ್ನು ನಂಬಿ ಹಚ್ಚಿದೆ. ಸಂಜೆಯ ಹೊತ್ತಿಗೆ ಬಾಯಿಂದ ಜೊಲ್ಲು, ಕಿವಿಗಳಲ್ಲಿ ಅದುರು, ಹಿಂಗಾಲುಗಳಲ್ಲಿ ನಡುಕ. ಡಬ್ಬಿಯನ್ನು ದೀಪಕ್ಕೆ ಹಿಡಿದು ಓದಿದಾಗ ಸಣ್ಣ ಅಕ್ಷರದಲ್ಲಿತ್ತು: ಪರ್ಮೆಥ್ರಿನ್. ನಾಯಿ ತಾಳಿಕೊಳ್ಳುವ ಈ ಔಷಧ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಪಶುವೈದ್ಯರ ಬಳಿ ಒಂದು ರಾತ್ರಿ ಕಳೆದು ಬದುಕಿಕೊಂಡಳು. ಆ ಒಂದು ಪದವನ್ನು ಮೊದಲೇ ಓದಬೇಕಿತ್ತು.

ಚಿಗಟದ ಔಷಧವಿರುವ ಕೊರಳಪಟ್ಟಿಯನ್ನು ಎರಡು ವಾರ ಕಟ್ಟಿದೆ. ಕತ್ತಿನ ಸುತ್ತ ಚಿಗಟ ಕಡಿಮೆಯಾಯಿತು, ಸೊಂಟದ ಕಡೆ ಹಾಗೆಯೇ ಉಳಿಯಿತು. ಗೋಡೆ ಹತ್ತಿ ತಿರುಗುವ ಬೆಕ್ಕಿಗೆ, ಎಳೆದರೆ ತಾನೇ ಬಿಚ್ಚಿಕೊಳ್ಳದ ಆ ಪಟ್ಟಿಯನ್ನು ಮುಂದೆಯೂ ಕಟ್ಟಲು ನನಗೆ ಧೈರ್ಯವಾಗಲಿಲ್ಲ.

ಬೇವಿನೆಣ್ಣೆಯನ್ನು ಅವಳು ನೆಕ್ಕಲು ಹೋದಳು, ಅಲ್ಲಿಗೇ ನಿಲ್ಲಿಸಿದೆ.

ಕೊನೆಗೆ ವೈದ್ಯರು ತೂಕ ನೋಡಿ ಕೊಟ್ಟದ್ದು ಬೆಕ್ಕಿಗೆಂದೇ ಬರುವ ಫಿಪ್ರೋನಿಲ್ ಹನಿ, 0.5 ಮಿಲಿಲೀಟರಿನ ಪುಟ್ಟ ನಳಿಕೆ. ನಾಲಿಗೆ ಮುಟ್ಟದ ಹೆಡಕಿನಲ್ಲಿ ಕೂದಲು ಬೇರ್ಪಡಿಸಿ, ಚರ್ಮಕ್ಕೇ ತಾಗುವಂತೆ ಹಿಂಡಬೇಕು. ಎರಡನೆಯ ದಿನ ಸೀರಣಿಗೆಗೆ ಸತ್ತ ಚಿಗಟಗಳು ಬಂದವು.

ಆದರೆ ಒಂದು ತೊಡಕು ನನ್ನನ್ನು ತುಂಬಾ ಕಾಡಿತು. ಹತ್ತನೆಯ ದಿನ ಮತ್ತೆ ಜೀವಂತ ಚಿಗಟ! ಹಣ ನೀರಿನಲ್ಲಿ ಹೋಯಿತೆಂದು ಅಳು ಬಂತು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಅವಳು ಎಲ್ಲಿ ಮಲಗುತ್ತಾಳೆ?"

ಮಲಗುವುದು ಅಜ್ಜಿಯ ಕೌದಿಯ ಮೇಲೆ. ಚಿಗಟದ ಮೊಟ್ಟೆಗಳು ಮೈಗೆ ಅಂಟಿ ನಿಲ್ಲದೆ ಉದುರುತ್ತವೆ. ಅದರ ಮರಿಹುಳುವೂ ರೇಷ್ಮೆಹುಳುವಿನಂತೆ ಎಳೆ ನೂತು ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಕ್ಕೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಒಳಗೆ ಬೆಳೆದ ಚಿಗಟ ಬೆಚ್ಚಗಿನ ಮೈ ಹತ್ತಿರ ಬಂದಾಗ, ನೆಲ ಅದುರಿದಾಗ ಹೊರಗೆ ಹಾರುತ್ತದೆ. ನನಗೆ ಕಂಡದ್ದು ಹಳೆಯ ಚಿಗಟಗಳಲ್ಲ, ಕೌದಿಯಿಂದ ಹೊಸದಾಗಿ ಹತ್ತಿದವು. ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿದೆ, ಮಂಚದಡಿಯ ಮೂಲೆಮೂಲೆಯನ್ನೂ ದಿನಾ ಗುಡಿಸಿದೆ, ತಿಂಗಳಿಗೊಮ್ಮೆ ಹನಿ ತಪ್ಪಿಸಲಿಲ್ಲ. ಮೂರನೆಯ ತಿಂಗಳಲ್ಲಿ ಹತ್ತಿ ಬೆಳ್ಳಗೇ ಉಳಿಯಿತು.

ಒಂದು ನಳಿಕೆಗೆ ನಾನು ಕೊಟ್ಟದ್ದು 300 ರೂಪಾಯಿಯ ಆಸುಪಾಸು. ಪುಡಿ ಅಗ್ಗವೇ, ಆದರೆ ಆ ರಾತ್ರಿಯ ಚಿಕಿತ್ಸೆಗೆ ತೆತ್ತ ಹಣದಲ್ಲಿ ವರ್ಷದ ಹನಿ ಬರುತ್ತಿತ್ತು. ನಾನು ದಿನಾ ಸಂಜೆ ಚಿನ್ನಿಯ ಜೊತೆ ಕೂರುವವಳು, ಹಾಗಾಗಿ ಸೀರಣಿಗೆ ನನಗೆ ಹೊರೆಯಲ್ಲ. ನೊರೆನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡೇ ಬಾಚುತ್ತೇನೆ. ಸಿಕ್ಕ ಚಿಗಟ ಹಾರಿ ಹೋಗುವ ಮುನ್ನ ಅದರಲ್ಲಿ ಮುಳುಗುತ್ತದೆ.