ಉಣ್ಣೆ ಬಟ್ಟೆಗೆ ನುಸಿ ಬಿದ್ದರೆ ಯಾವ ಉಪಾಯ ನಿಜಕ್ಕೂ ನಡೆಯುತ್ತದೆ?

ಕಪಾಟಿನಿಂದ ಸಣ್ಣ ಪತಂಗವೊಂದು ಹಾರಿದರೆ ಯಾರಾದರೂ ಮೊದಲು ಮಾಡುವುದು ಎರಡೂ ಕೈ ತಟ್ಟಿ ಅದನ್ನು ಹೊಡೆಯುವುದು. ಹೊಡೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಸ್ವೆಟರ್ ತಿಂದಿದ್ದು ಅದಲ್ಲ. ಬೆಳೆದ ಪತಂಗಕ್ಕೆ ತಿನ್ನುವಂಥ ಬಾಯಿಯೇ ಇಲ್ಲ. ಕೆಲವು ವಾರ ಬದುಕುತ್ತದೆ, ಜೊತೆಗೂಡುತ್ತದೆ, ಹೆಣ್ಣು ಸುಮಾರು 40–50 ಮೊಟ್ಟೆ ಇಟ್ಟು ಸಾಯುತ್ತದೆ. ಬಟ್ಟೆಗೆ ತೂತು ಮಾಡುವುದು ಮರಿಹುಳು. ಅದು ಎರಡು ತಿಂಗಳಲ್ಲಿ ಬೆಳೆದು ಮುಗಿಸಬಹುದು, ಚಳಿ ಇದ್ದು ಆಹಾರ ಕಡಿಮೆಯಾದರೆ ಎರಡು ವರ್ಷವನ್ನೂ ತೆಗೆದುಕೊಳ್ಳಬಹುದು.

ಹಾಗಾಗಿ ನಾನು ಪ್ರತಿ ಉಪಾಯಕ್ಕೂ ಕೇಳಿದ್ದು ಒಂದೇ ಪ್ರಶ್ನೆ. ಮಡಿಕೆಯೊಳಗೆ ಕೂತಿರುವ ಮೊಟ್ಟೆಗೂ ಹುಳುವಿಗೂ ಇದು ತಲುಪುತ್ತದಾ? ನುಸಿಗುಳಿಗೆ, ಸೀಡರ್ ಮರದ ತುಂಡು, ಲ್ಯಾವೆಂಡರ್ ಪೊಟ್ಟಣ, ಅಂಟುಬಲೆ, ಫ್ರೀಜರ್, ಬಿಸಿನೀರು, ಬಿಸಿಲು, ಎಲ್ಲವನ್ನೂ ಮನೆಯ ಬಟ್ಟೆಗಳ ಮೇಲೆ ನೋಡಿದ್ದೇನೆ. ಒಂದಕ್ಕೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದಲು ಕಳ್ಳ ಯಾರು ಅಂತ ತಿಳಿಯಬೇಕು

ಇದನ್ನು ಬಿಟ್ಟು ಮುಂದೆ ಹೋದರೆ ಎಲ್ಲ ಖರ್ಚೂ ದಂಡ. ಬಟ್ಟೆ ನುಸಿಯ ಪತಂಗ ಚಿಕ್ಕದು, 6ರಿಂದ 8 ಮಿಲಿಮೀಟರ್ ಉದ್ದ. ಒಣಹುಲ್ಲಿನ ಬಣ್ಣ, ಸ್ವಲ್ಪ ಹೊಳಪು, ತಲೆಯ ಮೇಲೆ ಕೆಂಚು ಕೂದಲಿನ ಜುಟ್ಟು. ಬೆಳಕು ಬಿದ್ದರೆ ಹಾರುವುದಕ್ಕಿಂತ ಜಾಸ್ತಿ ಓಡುತ್ತದೆ, ಮಡಿಕೆಯೊಳಗೆ ನುಗ್ಗುತ್ತದೆ. ದೀಪದ ಸುತ್ತ ತಿರುಗುವ ಪತಂಗ ಇದಲ್ಲ. ಅಡುಗೆಮನೆಯಲ್ಲಿ ಹಿಟ್ಟು, ಕಾಳುಗಳಿಗೆ ಬರುವ ಪತಂಗ ಸ್ವಲ್ಪ ದೊಡ್ಡದು, ಅದರ ರೆಕ್ಕೆಯ ಹಿಂದಿನ ಅರ್ಧ ತಾಮ್ರದ ಬಣ್ಣ. ಅದು ಬಟ್ಟೆ ಮುಟ್ಟುವುದಿಲ್ಲ.

ನುಸಿಯಲ್ಲೂ ಮುಖ್ಯವಾಗಿ ಎರಡು ಜಾತಿ. ಟಿನಿಯೋಲಾ ಬಿಸೆಲ್ಲಿಯೆಲ್ಲಾ ಬಟ್ಟೆಯ ಮೇಲೆ ಬಲೆ ನೇಯುತ್ತದೆ. ಟಿನಿಯಾ ಪೆಲ್ಲಿಯೊನೆಲ್ಲಾದ ಮರಿಹುಳು ತಾನೇ ನೇಯ್ದ ಕೊಳವೆಯೊಳಗೆ ಇದ್ದುಕೊಂಡು, ಹೋದಲ್ಲೆಲ್ಲಾ ಅದನ್ನು ಎಳೆದುಕೊಂಡೇ ಹೋಗುತ್ತದೆ. ಬೆಚ್ಚಗಿನ, ತೇವ ಇರುವ ಮನೆಗಳಲ್ಲಿ ಗೋಡೆಯ ಮೇಲೆ ಸಿಮೆಂಟ್ ಬಣ್ಣದ ಚಪ್ಪಟೆ ಚೀಲ ಎಳೆದುಕೊಂಡು ತೆವಳುವ ಹುಳು ಇನ್ನೊಂದಿದೆ. ಅದರ ಮುಖ್ಯ ಊಟ ಹಳೆಯ ಜೇಡರ ಬಲೆ, ಉದುರಿದ ಕೂದಲು. ಉಣ್ಣೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಮೂಲೆಗಳಲ್ಲಿ ಬಲೆ ತೆಗೆದು ಚೊಕ್ಕಟವಾಗಿಟ್ಟರೆ ಅದು ತಾನಾಗಿ ಕಡಿಮೆಯಾಗುತ್ತದೆ.

ನನ್ನ ನೀಲಿ ಉಣ್ಣೆಯ ಶಾಲಿನಲ್ಲಿ ಕಂಡಿದ್ದು ಬಲೆ ನೇಯುವ ಜಾತಿ. ಕೋಣೆ ಕತ್ತಲು ಮಾಡಿ, ಶಾಲು ಹರಡಿ, ಟಾರ್ಚನ್ನು ಬಟ್ಟೆಗೆ ಸಮಾನಾಂತರವಾಗಿ, ಅಡ್ಡಲಾಗಿ ಹಿಡಿದು ನೋಡಿದೆ. ಹಾಗೆ ಹಿಡಿದರೆ ಉಬ್ಬು ತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತದೆ. ಮಡಿಕೆಯ ಒಳಗೆರೆಯಲ್ಲಿ ಬಿಳಿ ನೂಲಿನ ತೆಳು ಕೊಳವೆ ಅಂಟಿಕೊಂಡಿತ್ತು. ಸೂಜಿಯಿಂದ ಬಿಡಿಸಿದರೆ ಒಳಗೆ ಕೆನೆ ಬಣ್ಣದ ಮೈ, ಕಂದು ತಲೆಯ ಹುಳು. ಸುತ್ತಲೂ ಮರಳಿನ ಕಾಳಿನಂಥ ಹಿಕ್ಕೆ. ಹಿಕ್ಕೆಯ ಬಣ್ಣವೂ ನೀಲಿಯೇ, ತಿಂದ ಉಣ್ಣೆಯ ಬಣ್ಣ ಹಾಗೇ ಹೊರಗೆ ಬರುತ್ತದೆ. ಇದನ್ನು ನೂಲಿನ ಜುಂಗು ಅಂತ ತಿಳಿದು ಕೊಡವಿ ಮತ್ತೆ ಮಡಚಿಡುವವರು ಬಹಳ ಜನ.

ಬಲೆ ಇಲ್ಲ, ಕೊಳವೆ ಇಲ್ಲ, ತೂತು ಮಾತ್ರ ಇದೆ ಅಂದರೆ ಕಾರ್ಪೆಟ್ ದುಂಬಿಯನ್ನು ಅನುಮಾನಿಸಿ. ಅದರ ಮರಿಗೆ ಮೈತುಂಬ ರೋಮ, ಬಿಟ್ಟುಹೋದ ಕಂದು ಪೊರೆಗಳು ಅಲ್ಲಲ್ಲಿ ಸಿಗುತ್ತವೆ. ಹತ್ತಿ ಬಟ್ಟೆಯಲ್ಲಿ ಗಂಜಿ ಇರುವ ಕಡೆ ಮೇಲ್ಮೈ ಕೆರೆದ ಹಾಗಿದ್ದರೆ ಅದು ಬೆಳ್ಳಿಮೀನು ಎಂಬ ಹುಳುವಿನ ಕೆಲಸ. ನುಸಿಗೆ ಬೇಕಾಗಿದ್ದು ಉಣ್ಣೆ, ತುಪ್ಪಳ, ಗರಿ. ರೇಷ್ಮೆಗೂ ಬಾಯಿ ಹಾಕುತ್ತದೆ. ಬರೀ ಹತ್ತಿ, ಪಾಲಿಯೆಸ್ಟರ್ ಅದಕ್ಕೆ ಹಿಡಿಸುವುದಿಲ್ಲ, ಬೆವರೋ ಊಟದ ಕಲೆಯೋ ಇದ್ದರೆ ಮಾತ್ರ ಕಡಿಯಬಹುದು.

ನುಸಿಗುಳಿಗೆಯೋ, ಸುವಾಸನೆಯೋ?

ಬಿಳಿ ನುಸಿಗುಳಿಗೆ ಅಂದರೆ ನ್ಯಾಫ್ತಲೀನ್. ಅದು ಕರಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ದಟ್ಟವಾಗಿ ತುಂಬಿದರೆ ಹುಳು ಸಾಯುತ್ತದೆ, ಈ ಮಾತು ನಿಜ. ಆದರೆ ದಿನಾ ನಾಲ್ಕು ಸಲ ತೆಗೆದು ಹಾಕುವ ಕಪಾಟಿನಲ್ಲಿ ಆವಿ ದಟ್ಟವಾಗುವುದೇ ಇಲ್ಲ. ಮೂಗಿಗೆ ವಾಸನೆ ಜೋರಾಗಿ ಬಡಿಯುತ್ತದೆ, ಹುಳುವಿಗೆ ಏನೂ ಆಗುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ ಕೆಲವು ವಾರ ಇಟ್ಟಾಗ ಫಲ ಕಂಡೆ. ಬಟ್ಟೆಗೆ ಹಿಡಿದ ವಾಸನೆ ಮಾತ್ರ ತಿಂಗಳುಗಟ್ಟಲೆ ಗಾಳಿಗೆ ಹಾಕಿದರೂ ಪೂರ್ತಿ ಬಿಡಲಿಲ್ಲ.

ವಾಸನೆಯನ್ನಾದರೂ ಸಹಿಸಬಹುದು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಆರೋಗ್ಯದ್ದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ನುಸಿಗುಳಿಗೆ ಹಾಕಿಟ್ಟ ಬಟ್ಟೆ, ಕಂಬಳಿಗಳಿಂದ ಎಳೆಗೂಸುಗಳಿಗೆ ಹೀಗಾದದ್ದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲೂ ಅದು ಇದೆ. ಯುರೋಪಿಯನ್ ಒಕ್ಕೂಟ 2008ರಲ್ಲಿ ನ್ಯಾಫ್ತಲೀನ್ ನುಸಿಗುಳಿಗೆಯ ಮಾರಾಟವನ್ನು ನಿಲ್ಲಿಸಿತು. ಮಿಠಾಯಿ ಅಂತ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಭಯ ಬೇರೆ. ಮಗು ಇರುವ ಮನೆಗೆ ನಾನು ಇದನ್ನು ಹೇಳುವುದೇ ಇಲ್ಲ.

ಹಾಗಾದರೆ ಸೀಡರ್, ಲ್ಯಾವೆಂಡರ್, ಲವಂಗ, ಬೇವಿನ ಎಲೆ? ಇವುಗಳ ಮೇಲೆ ಜನಕ್ಕೆ ಬಹಳ ಪ್ರೀತಿ, ನನಗೂ ಇದೆ. ಕಪಾಟು ತೆಗೆದರೆ ಮನಸ್ಸಿಗೆ ಹಿತ. ಆದರೆ ಲ್ಯಾವೆಂಡರ್ ಪೊಟ್ಟಣ ಹೊಸದಾಗಿದ್ದಾಗಲೇ ಅದರ ಪಕ್ಕದ ಮಡಿಕೆಯಲ್ಲಿ ಹುಳು ಆರಾಮಾಗಿ ಮೇಯುತ್ತಿದ್ದುದನ್ನು ನೋಡಿದ್ದೇನೆ. ಸೀಡರ್ ಎಣ್ಣೆಗೆ ಸ್ವಲ್ಪ ಬಲ ಇದೆ, ಅದೂ ಆಗತಾನೇ ಮೊಟ್ಟೆಯಿಂದ ಬಂದ ಪುಟ್ಟ ಹುಳುಗಳ ಮೇಲೆ. ಮೊಟ್ಟೆಗೂ ಬೆಳೆದ ಹುಳುವಿಗೂ ಅದು ನಾಟುವುದಿಲ್ಲ. ಮರದ ಎಣ್ಣೆ ಒಣಗಿದರೆ ಅಷ್ಟೂ ಹೋಯಿತು. ಆಗಾಗ ಮರಳುಕಾಗದದಿಂದ ಉಜ್ಜಿ ಹೊಸ ಮೈ ತೆರೆಯಬೇಕು. ಎರಡನ್ನೇ ಪಕ್ಕಪಕ್ಕ ಇಟ್ಟರೆ, ಗುಳಿಗೆಗೆ ಕೊಲ್ಲುವ ಶಕ್ತಿ ಇದೆ, ಮನೆಯೊಳಗೆ ಇಡುವ ಯೋಗ್ಯತೆ ಇಲ್ಲ. ಸುವಾಸನೆಗೆ ಯೋಗ್ಯತೆ ಇದೆ, ಶಕ್ತಿ ಇಲ್ಲ.

ಅಂಟುಬಲೆ ಹೇಳುವ ಸುದ್ದಿ

ತ್ರಿಕೋನದ ರಟ್ಟು, ಒಳಗೆ ಅಂಟು, ಮಧ್ಯದಲ್ಲಿ ಹೆಣ್ಣು ಪತಂಗದ ವಾಸನೆ ಸೂಸುವ ಫೆರೊಮೋನ್ ಬಿಲ್ಲೆ. ಗಂಡುಗಳು ಬಂದು ಅಂಟಿಕೊಳ್ಳುತ್ತವೆ. ಬಲೆ ತುಂಬಿದ್ದು ಕಂಡರೆ ಖುಷಿಯಾಗುತ್ತದೆ, ಆದರೆ ಈಗಾಗಲೇ ಜೊತೆಗೂಡಿದ ಹೆಣ್ಣು ಅತ್ತ ಸುಳಿಯುವುದಿಲ್ಲ, ತನ್ನ ಪಾಡಿಗೆ ಮೊಟ್ಟೆ ಇಡುತ್ತಿರುತ್ತದೆ. ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಬಿಲ್ಲೆ ಸಾಮಾನ್ಯವಾಗಿ ಬಲೆ ನೇಯುವ ಜಾತಿಗೆ ಮಾಡಿದ್ದು. ಕೊಳವೆ ಹೊರುವ ಜಾತಿ ಮನೆಯಲ್ಲಿದ್ದರೆ ಬಲೆ ಖಾಲಿ ಇರುತ್ತದೆ, ಸ್ವೆಟರ್ ಮಾತ್ರ ತೂತಾಗುತ್ತದೆ.

ಹಾಗಂತ ಇದನ್ನು ತೆಗೆದುಹಾಕುವಂತಿಲ್ಲ. ಒಂದೊಂದು ಕೋಣೆಗೆ ಒಂದರಂತೆ ಇಟ್ಟು, ರಟ್ಟಿನ ಮೇಲೆ ತಾರೀಕು ಬರೆದು, ವಾರಕ್ಕೊಮ್ಮೆ ಎಣಿಸಿದರೆ ಎಲ್ಲಿ ಜಾಸ್ತಿ ಅಂತ ತಿಳಿಯುತ್ತದೆ. ನನಗೆ ಅದರಿಂದಲೇ ಗೊತ್ತಾಗಿದ್ದು, ಮೂಲ ಕಪಾಟಲ್ಲ, ಮಂಚದ ಕೆಳಗೆ ಮಡಚಿಟ್ಟಿದ್ದ ಉಣ್ಣೆಯ ಜಮಖಾನೆ ಅಂತ. ಬಿಲ್ಲೆಯ ಕಸುವು ಸುಮಾರು ಮೂರು ತಿಂಗಳು, ಆಮೇಲೆ ಬದಲಿಸಬೇಕು.

ಫ್ರೀಜರ್, ಬಿಸಿನೀರು, ಬಿಸಿಲು

ಇಲ್ಲಿಗೆ ಬಂದ ಮೇಲೆ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಬಟ್ಟೆ ಹಾಳಾಗದೆ, ವಿಷ ಇಲ್ಲದೆ, ಮೊಟ್ಟೆಯಿಂದ ಪತಂಗದವರೆಗೆ ಎಲ್ಲವನ್ನೂ ಮುಗಿಸುವುದು ಫ್ರೀಜರ್. ವಸ್ತುಸಂಗ್ರಹಾಲಯಗಳಲ್ಲೂ ಹಳೆಯ ಉಣ್ಣೆ ಬಟ್ಟೆಗಳಿಗೆ ಇದನ್ನೇ ಮಾಡುತ್ತಾರೆ. ಮೈನಸ್ 30 ಡಿಗ್ರಿಯಾದರೆ ಮೂರು ದಿನ ಸಾಕು. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ವಾರ ಬಿಡಬೇಕು. ಫ್ರಿಜ್ಜಿನ ಮೇಲಿನ ಸಣ್ಣ ಐಸ್ ಡಬ್ಬಿ ಅಷ್ಟು ತಣ್ಣಗಾಗದೆ ಇರಬಹುದು, ಒಂದು ಥರ್ಮಾಮೀಟರ್ ಇಟ್ಟು ನೋಡಿ.

ಹೇಗೆ ಇಡುತ್ತೇವೆ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಬಟ್ಟೆ ಒಣಗಿರಬೇಕು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಬೇಕು. ಫ್ರೀಜರನ್ನು ಚೀಲಗಳಿಂದ ತುರುಕಿ ತುಂಬಬಾರದು. ಚಳಿ ಬೇಗ ಒಳಗಿನವರೆಗೆ ಇಳಿಯಬೇಕು. ನಿಧಾನವಾಗಿ ತಣ್ಣಗಾದರೆ ಹುಳು ಚಳಿಗೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ದಪ್ಪ ಕಂಬಳಿಯನ್ನು ಸುರುಳಿ ಸುತ್ತದೆ ಸಡಿಲವಾಗಿ ಮಡಚಿದ್ದು ನನಗೆ ಅನುಕೂಲವಾಯಿತು. ಹೊರಗೆ ತೆಗೆದ ಮೇಲೆ ಆತುರ ಬೇಡ. ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಿ. ತಣ್ಣನೆಯ ಚೀಲದ ಹೊರಮೈ ಮೇಲೆ ನೀರ ಹನಿ ಕೂರುವುದು ಕಾಣುತ್ತದೆ. ಆಗಲೇ ಬಿಚ್ಚಿದರೆ ಆ ತೇವ ಬಟ್ಟೆಯ ಮೇಲೆ ಕೂರುತ್ತದೆ.

ಬಿಸಿಯೂ ಅಷ್ಟೇ ಖಂಡಿತ. 55 ಡಿಗ್ರಿ ಮೀರಿದ ನೀರಿನಲ್ಲಿ ಒಗೆದರೆ ಮೊಟ್ಟೆಯೂ ಉಳಿಯುವುದಿಲ್ಲ. ಕಷ್ಟ ಏನೆಂದರೆ ಅಷ್ಟು ಬಿಸಿಗೆ ಉಣ್ಣೆಯ ಸ್ವೆಟರ್ ಕುಗ್ಗಿ ಮಗುವಿನ ಅಳತೆಗೆ ಬರುತ್ತದೆ. ಹತ್ತಿ ಬೆರೆತ ಬಟ್ಟೆ, ಕಪಾಟಿನ ಒಳಹಾಸು, ಇಂಥವಕ್ಕೆ ಸರಿ. ಡ್ರೈ ಕ್ಲೀನಿಂಗ್ ಎಲ್ಲ ಹಂತದ ಹುಳುವನ್ನೂ ಕೊಲ್ಲುತ್ತದೆ, ಕಲೆಯನ್ನೂ ತೆಗೆಯುತ್ತದೆ. ಹೊಲಿಗೆ ಜಾಸ್ತಿ ಇರುವ ಕೋಟಿಗೆ ನಾನು ಅದನ್ನೇ ಆರಿಸುತ್ತೇನೆ.

ಬಿಸಿಲಿನ ಬಗ್ಗೆ ಜನ ಹೇಳುವುದು ಅರ್ಧ ಸರಿ. ಹುಳು ಬೆಳಕಿಗೆ ಹೆದರಿ ಉದುರುತ್ತದೆ, ಬ್ರಷ್ಷಿನಿಂದ ಜೇಬು, ಕಾಲರ್, ಹೊಲಿಗೆಯ ಗೆರೆ ಉಜ್ಜಿದರೆ ಮೊಟ್ಟೆಯೂ ಬೀಳುತ್ತದೆ. ಹಾಗಾಗಿ ಈ ಉಜ್ಜುವುದಕ್ಕೆ ಬೆಲೆ ಇದೆ. ಆದರೆ ಬಿಸಿಲು ದಪ್ಪ ಬಟ್ಟೆಯ ಒಳಪದರವನ್ನು ಬೇಕಾದಷ್ಟು ಕಾಯಿಸುವುದಿಲ್ಲ, ಗಾಢ ಬಣ್ಣ ಮಾತ್ರ ಮಸುಕಾಗುತ್ತದೆ.

ಸ್ಪ್ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಪಾಟಿನ ಸಂದು, ನೆಲದ ಬಿರುಕಿಗೆ ಮಾತ್ರ, ಡಬ್ಬದ ಮೇಲಿನ ಸೂಚನೆ ಓದಿ ಬಳಸಬಹುದು. ಉಡುವ ಬಟ್ಟೆಗೆ ಬೇಡ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೂ ಅಕ್ವೇರಿಯಂ ಮೀನಿಗೂ ವಿಷ.

ಮತ್ತೆ ಬಾರದ ಹಾಗೆ

ಒಂದೇ ಡಬ್ಬದಲ್ಲಿ ಒಗೆದ ಸ್ವೆಟರ್, ಉಟ್ಟು ಹಾಗೇ ಮಡಚಿದ ಸ್ವೆಟರ್ ಇದ್ದರೆ ನುಸಿ ಹೋಗುವುದು ಎರಡನೆಯದಕ್ಕೆ. ಬರೀ ಶುದ್ಧ ಉಣ್ಣೆಯ ಮೇಲೆ ಹುಳು ಚೆನ್ನಾಗಿ ಬೆಳೆಯುವುದಿಲ್ಲ, ಅದಕ್ಕೆ ಬೇಕಾದ ವಿಟಮಿನ್ನು, ಲವಣ ಬೆವರಿನಲ್ಲಿ, ಕಲೆಯಲ್ಲಿ ಸಿಗುತ್ತದೆ. ಆದ್ದರಿಂದ ಒಗೆದು, ಪೂರ್ತಿ ಒಣಗಿಸಿ, ಜಿಪ್ ಚೀಲದಲ್ಲೋ ಬಿಗಿ ಮುಚ್ಚಳದ ಡಬ್ಬದಲ್ಲೋ ಇಡುವುದು ಯಾವ ಗುಳಿಗೆಗಿಂತಲೂ ಮೇಲು. ಫ್ರೀಜರಿನಿಂದ ಬಂದ ಬಟ್ಟೆಯನ್ನು ಕಪಾಟು ಚೊಕ್ಕ ಮಾಡದೆ ವಾಪಸ್ ಇಡಬೇಡಿ. ವ್ಯಾಕ್ಯೂಮ್ ಕ್ಲೀನರಿನ ಸಣ್ಣ ಮೂತಿಯಿಂದ ಮೂಲೆ, ಹಲಗೆಯ ಸಂದು, ಡ್ರಾಯರಿನ ಕೆಳಭಾಗ ಎಳೆದು, ಅದರ ಚೀಲವನ್ನು ಕಟ್ಟಿ ಕೂಡಲೇ ಮನೆಯಿಂದ ಹೊರಗೆ ಹಾಕಿ. ಹುಳು ಆ ಧೂಳಿನಲ್ಲೂ ಬದುಕುತ್ತದೆ.

ಇಷ್ಟಾದರೂ ಅಂಟುಬಲೆಗೆ ಪತಂಗ ಬೀಳುತ್ತಲೇ ಇದ್ದರೆ ಬಟ್ಟೆ ಬಿಟ್ಟು ಬೇರೆ ಕಡೆ ಹುಡುಕಬೇಕು. ವರ್ಷಗಟ್ಟಲೆ ಸರಿಸದ ಸೋಫಾದ ಕೆಳಗೆ, ಪಿಯಾನೊ ಒಳಗಿನ ಉಣ್ಣೆಯ ಪಟ್ಟಿಗಳಲ್ಲಿ, ಸಾಕುನಾಯಿಯ ಕೂದಲು ಸೇರಿಕೊಂಡ ಮೂಲೆಯಲ್ಲಿ, ಮಾಡಿನ ಸಂದಿನಲ್ಲಿ ಹಕ್ಕಿ ಬಿಟ್ಟುಹೋದ ಗೂಡಿನಲ್ಲಿ. ಗರಿ, ಕೂದಲು ತುಂಬಿದ ಹಳೆಯ ಗೂಡು ಇವುಗಳ ಮೂಲಸ್ಥಾನ. ಮರಿಗಳು ಹಾರಿಹೋಗಿವೆ ಅಂತ ಖಚಿತ ಮಾಡಿಕೊಂಡು ಅದನ್ನು ತೆಗೆಸಿ.