ಗಾಯದ ಮೇಕಪ್ ಕಿಟ್: ಎರಡು ವರ್ಷ ಬಳಸಿದ ಮೇಲೆ ಅನ್ನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ನಾಟಕಕ್ಕೆ ಸುಳ್ಳು ಗಾಯ ಮಾಡುವ ಈ ಕಿಟ್‌ನಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಎರಡೇ: ಐದು ಬಣ್ಣದ ಕ್ರೀಮ್ ಇರುವ ಡಬ್ಬಿ, ಅಂದರೆ ಕ್ರೀಮ್ ವೀಲ್, ಮತ್ತು ಆರಿದಾಗ ಚರ್ಮ ಎಳೆದು ಕಲೆ ಮೂಡಿಸುವ ರಿಜಿಡ್ ಕೊಲೋಡಿಯನ್ ಬಾಟಲಿ. ಲಿಕ್ವಿಡ್ ಲೇಟೆಕ್ಸ್ ಆಗಾಗ ಬೇಕಾಗುತ್ತದೆ. ಗಾಯದ ಆಕಾರ ಕಟ್ಟುವ ಮೇಣ, ಸ್ಕಾರ್ ವ್ಯಾಕ್ಸ್, ನಮ್ಮ ಸೆಕೆಗೆ ಆಗಿಬರುವುದಿಲ್ಲ. ಜೊತೆಗೆ ಬರುವ ಸ್ಟೇಜ್ ರಕ್ತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಾನು ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡಕ್ಕೆ ಮೇಕಪ್ ಮಾಡುತ್ತೇನೆ. ಗಂಡನಿಂದ ಏಟು ತಿಂದು ತವರಿಗೆ ಬರುವ ಹೆಣ್ಣುಮಗಳ ಪಾತ್ರಕ್ಕೆಂದು ಇದನ್ನು ತರಿಸಿದೆ. ಕೆನ್ನೆಯ ಮೇಲೆ ಹಳೇ ಗಾಯದ ಕಲೆ, ಕಣ್ಣಿನ ಕೆಳಗೆ ಹೊಸ ಏಟು, ತೋಳಿನ ಮೇಲೆ ಬೆರಳಿನ ಗುರುತು ಬೇಕಿತ್ತು. ಆಮೇಲೆ ಅದೇ ಪೆಟ್ಟಿಗೆ ಮಂಡ್ಯ ಕಡೆಯ ಪೌರಾಣಿಕ ನಾಟಕಗಳಿಗೆ ಹೋಯಿತು, ಕಾಲೇಜು ಹುಡುಗರ ಶಾರ್ಟ್ ಫಿಲ್ಮ್‌ಗೂ ಹೋಯಿತು. ಹಾಗಾಗಿ ಎಸಿ ರೂಮಿನಲ್ಲೂ ನೋಡಿದ್ದೇನೆ, ಬಯಲಿನಲ್ಲೂ ನೋಡಿದ್ದೇನೆ.

ವೀಲ್‌ನಲ್ಲಿ ಕೆಂಪು, ಮೆರೂನ್, ನೇರಳೆ, ಹಸಿರು, ಹಳದಿ ಇವೆ. ಹಸಿರು, ಹಳದಿ ಯಾಕೆ ಅಂತ ಸುಮಾರು ಜನ ಕೇಳುತ್ತಾರೆ. ಏಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ಹರಡುತ್ತದೆ. ಮೊದಲು ಕೆಂಪು. ಒಂದೆರಡು ದಿನದಲ್ಲಿ ನೇರಳೆ, ಕಪ್ಪು. ಆಮೇಲೆ ದೇಹ ಆ ರಕ್ತದ ಹಿಮೋಗ್ಲೋಬಿನ್ನನ್ನು ಒಡೆಯುತ್ತಾ ಹೋಗುತ್ತದೆ. ಆಗ ಹುಟ್ಟುವ ಬಿಲಿವರ್ಡಿನ್ ಹಸಿರು, ಅದರಿಂದ ಆಗುವ ಬಿಲಿರುಬಿನ್ ಹಳದಿ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಕಂದು ಛಾಯೆ ಉಳಿದು ಅದೂ ಮಾಯವಾಗುತ್ತದೆ. ಹಳದಿ ಕಾಣುವುದಕ್ಕೆ ಕಡಿಮೆ ಅಂದರೂ 18 ಗಂಟೆ ಬೇಕು. ಅಂದಮೇಲೆ ರಾತ್ರಿ ಬಿದ್ದ ಏಟಿಗೆ ಬೆಳಿಗ್ಗೆಯ ದೃಶ್ಯದಲ್ಲಿ ಹಳದಿ ಹಚ್ಚುವಂತಿಲ್ಲ. ನಮ್ಮ ನಾಟಕದ ಎರಡನೇ ಅಂಕ ಒಂದು ವಾರ ಕಳೆದ ಮೇಲೆ ನಡೆಯುತ್ತದೆ. ಇಂಟರ್‌ವಲ್‌ನಲ್ಲಿ ಕೆಂಪು ಒರೆಸಿ, ನೇರಳೆಯನ್ನು ನಡುವೆ ಮಾತ್ರ ತೆಳುವಾಗಿ ಉಳಿಸಿ, ಅಂಚಿಗೆ ಹಸಿರು-ಹಳದಿ ತಟ್ಟುತ್ತೇನೆ. ಮಾತಿನಲ್ಲಿ ಯಾರೂ ಹೇಳದಿದ್ದರೂ ದಿನ ಕಳೆದಿದೆ ಅಂತ ನೋಡುವವರಿಗೆ ಗೊತ್ತಾಗುತ್ತದೆ.

ವೀಲ್‌ನ ದೊಡ್ಡ ಕೊರತೆ ಅಂದರೆ ಅದು ಬಿಳಿ ಚರ್ಮಕ್ಕೆಂದು ಮಾಡಿದ್ದು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖದ ಮೇಲೆ ಅದರ ಕೆಂಪು ಕಾಣುವುದೇ ಇಲ್ಲ, ಹಳದಿ ತೀರಾ ಎದ್ದು ಕಾಣುತ್ತದೆ. ನಾನು ಮೆರೂನ್‌ಗೆ ನೇರಳೆ ಬೆರೆಸಿ ಅದನ್ನೇ ಮೊದಲ ಕೋಟ್ ಮಾಡುತ್ತೇನೆ. ಹಳದಿಯನ್ನು ಒಂಟಿಯಾಗಿ ಹಚ್ಚುವುದಿಲ್ಲ, ಹಸಿರು ಸೇರಿಸಿ, ಸ್ವಲ್ಪ ಕಂದು ಐಶ್ಯಾಡೋ ಬೆರೆಸುತ್ತೇನೆ. ವಿಡಿಯೋಗಳಲ್ಲಿ ತೋರಿಸುವುದನ್ನು ಹಾಗೇ ಮಾಡಿದರೆ ನಮ್ಮವರ ಮುಖಕ್ಕೆ ಹೊಂದುವುದಿಲ್ಲ.

ಕಣ್ಣಿನ ಏಟನ್ನು ಸುತ್ತಲೂ ರೌಂಡಾಗಿ ಬಳಿಯುವವರನ್ನು ನೋಡಿದ್ದೇನೆ. ಅದು ಕಾಡಿಗೆ ಕರಗಿದಂತೆ ಕಾಣುತ್ತದೆ. ನಿಜವಾದ ಏಟಿನಲ್ಲಿ ರಕ್ತ ಕಣ್ಣಿನ ಕೆಳಗಿನ ಸಡಿಲ ಚರ್ಮಕ್ಕೆ ಇಳಿಯುತ್ತದೆ. ಮೂಗಿನ ಪಕ್ಕದ ಮೂಲೆ ಹೆಚ್ಚು ಕಪ್ಪು, ಕೆನ್ನೆಮೂಳೆಯ ಕಡೆ ತೆಳು. ತೋಳು ಹಿಡಿದು ಎಳೆದ ಗುರುತಾದರೆ ಹೊರಗಡೆ ಬೆರಳಿನಷ್ಟು ದೊಡ್ಡ ಮೂರು-ನಾಲ್ಕು ಮಚ್ಚೆ, ಒಳಗಡೆ ಹೆಬ್ಬೆರಳಿನದು ಒಂದು. ಕೋಲಿನ ಬಾಸುಂಡೆ ಒಂದೇ ಗೆರೆಯಲ್ಲ. ಅಕ್ಕಪಕ್ಕ ಎರಡು ಕೆಂಪು ಗೆರೆ, ನಡುವೆ ಚರ್ಮ ಪೇಲವ. ಇಷ್ಟೆಲ್ಲ ಯಾಕೆ ಬೇಕು ಅನ್ನಬೇಡಿ. ಇಂಥ ಏಟು ನಿಜವಾಗಿ ತಿಂದವರು ಮುಂದಿನ ಸಾಲಿನಲ್ಲಿ ಕೂತಿರಬಹುದು. ಅವರ ಮುಂದೆ ಸುಮ್ನೆ ಬಣ್ಣ ಮೆತ್ತಿ ಕಳಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಲೈಟ್ ಮಾಡುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಕೆಂಪು ಲೈಟ್ ಬಿದ್ದರೆ ಕೆಂಪು ಬಣ್ಣ ಅಳಿಸಿಹೋಗುತ್ತದೆ. ನೀಲಿ ಲೈಟ್‌ನಲ್ಲಿ ಅದೇ ಕೆಂಪು ಕಪ್ಪಾಗುತ್ತದೆ. ಜೇನು ಬಣ್ಣದ ಆಂಬರ್ ಲೈಟ್ ಹಳದಿಯನ್ನು ನುಂಗುತ್ತದೆ. ಮೈಸೂರು ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಪ್ರೇಕ್ಷಕರು ಹತ್ತಿರ ಕೂರುತ್ತಾರೆ, ಅಲ್ಲಿ ಅಂಚು ನಯವಾಗಿರಬೇಕು. ಕಲಾಮಂದಿರದ ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಆ ನಯವೆಲ್ಲ ತಲುಪುವುದಿಲ್ಲ. ಅಲ್ಲಿ ಬಣ್ಣ ಇನ್ನಷ್ಟು ಗಾಢ ಇರಲಿ.

ಇನ್ನು ಕೊಲೋಡಿಯನ್. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ನೈಟ್ರೋಸೆಲ್ಯುಲೋಸನ್ನು ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ದ್ರವ ಇದು. 1851ರಲ್ಲಿ ಬಂದ ಗಾಜಿನ ಪ್ಲೇಟ್ ಫೋಟೋಗ್ರಫಿಗೆ ಬಳಸಿದ್ದೂ ಕೊಲೋಡಿಯನ್ನೇ. ಚರ್ಮವನ್ನು ಎಣ್ಣೆ ಪಸೆ ಇಲ್ಲದಂತೆ ಒರೆಸಿ, ಮುಚ್ಚಳದ ಬ್ರಷ್‌ನಿಂದ ಸಣ್ಣ ಗೆರೆ ಎಳೆಯಿರಿ. ಆರುತ್ತಾ ಬಂದಂತೆ ಚರ್ಮ ಎರಡೂ ಕಡೆಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಅದೇ ಗೆರೆಯ ಮೇಲೆ ಇನ್ನೊಂದು ಕೋಟ್, ಬೇಕಿದ್ದರೆ ಮತ್ತೊಂದು. ನಡುವೆ ಹಳ್ಳ ಬೀಳುತ್ತದೆ, ಅಕ್ಕಪಕ್ಕ ನಿರಿಗೆ ಏಳುತ್ತದೆ, ಮೇಲೆ ತೆಳು ಹೊಳಪು ಉಳಿಯುತ್ತದೆ. ಹಳೇ ಗಾಯದ ಕಲೆ ಹಾಗೇ ಅಲ್ವಾ? ಬಣ್ಣ ಕೊನೆಗೆ, ಅಂಚಿಗೆ ಮಾತ್ರ. ಮೊದಲೇ ಕ್ರೀಮ್ ಹಚ್ಚಿದರೆ ಕೊಲೋಡಿಯನ್ ಹಿಡಿಯುವುದಿಲ್ಲ.

ಕೊಳ್ಳುವಾಗ ಲೇಬಲ್ ಮೇಲೆ ರಿಜಿಡ್ ಅಂತ ಇದೆಯಾ ನೋಡಿ. ಫ್ಲೆಕ್ಸಿಬಲ್ ಕೊಲೋಡಿಯನ್‌ಗೆ ಹರಳೆಣ್ಣೆ, ಕರ್ಪೂರ ಸೇರಿಸಿರುತ್ತಾರೆ, ಅದು ಚರ್ಮವನ್ನು ಎಳೆಯುವುದಿಲ್ಲ. ಕಣ್ಣಿನ ಹತ್ತಿರ ಯಾವ ಕೊಲೋಡಿಯನ್ನೂ ಬೇಡವೇ ಬೇಡ. ತುಟಿಯ ಮೂಲೆಗೆ ತಾಗಿದರೆ ಮಾತಾಡುವಾಗ ಅಂಚು ಎದ್ದುಬರುತ್ತದೆ. ಸಾಲಾಗಿ ಶೋ ಇದ್ದರೆ ಒಂದೇ ಜಾಗಕ್ಕೆ ದಿನಾ ಹಚ್ಚಬೇಡಿ, ತೆಗೆದ ಮೇಲೂ ಗುರುತು ಸ್ವಲ್ಪ ಹೊತ್ತು ಇರುತ್ತದೆ. ಇನ್ನೊಂದು ಮುಖ್ಯ ವಿಷಯ: ಇದಕ್ಕೆ ಬೆಂಕಿ ಥಟ್ಟನೆ ಹತ್ತುತ್ತದೆ. ನಮ್ಮಲ್ಲಿ ನಾಟಕಕ್ಕೆ ಮುಂಚೆ ಗ್ರೀನ್ ರೂಮಿನಲ್ಲೇ ಗಣಪತಿ ಪೂಜೆ ಆಗುತ್ತದೆ. ಊದುಬತ್ತಿ, ದೀಪ, ಕರ್ಪೂರ ಎಲ್ಲ ಅಲ್ಲೇ. ಮಂಗಳಾರತಿ ಮುಗಿದು ದೀಪ ಹೊರಗೆ ಹೋಗುವ ತನಕ ನಾನು ಬಾಟಲಿ ತೆಗೆಯುವುದಿಲ್ಲ. ಕಿಟಕಿಯೂ ತೆರೆದಿರಬೇಕು.

ವ್ಯಾಕ್ಸ್ ಡಿಸೆಂಬರ್ ಚಳಿಯಲ್ಲಿ, ಕ್ಯಾಮೆರಾ ಕ್ಲೋಸಪ್‌ಗೆ ಚೆನ್ನಾಗಿತ್ತು. ಕೆಳಗೆ ಸ್ಪಿರಿಟ್ ಗಮ್ (ಮೇಕಪ್ ಅಂಟು) ಹಾಕಿ, ಅಂಚನ್ನು ವ್ಯಾಸಲೀನ್ ಬೆರಳಿನಲ್ಲಿ ತೀಡಿದರೆ ಚರ್ಮದ ಜೊತೆ ಒಂದಾಗುತ್ತದೆ. ಆದರೆ ಮಂಡ್ಯದ ಹಳ್ಳಿಯಲ್ಲಿ ರಾತ್ರಿಯಿಡೀ ನಡೆಯುವ ನಾಟಕದಲ್ಲಿ ದುರ್ಯೋಧನ ಗದೆ ಹಿಡಿದು ಕುಣಿದ ಮೇಲೆ ಹಣೆಯ ಗಾಯ ಹುಬ್ಬಿಗೆ ಇಳಿದಿತ್ತು. ಬೆವರುವ ಪಾತ್ರಕ್ಕೆ ಇದು ಬೇಡ. ಕಿಟ್‌ನ ರಕ್ತ ಸಕ್ಕರೆ ಪಾಕದ್ದು, ಬಯಲಿನಲ್ಲಿ ಇರುವೆ ಮುತ್ತುತ್ತದೆ, ಬಿಳಿ ಪಂಚೆಗೆ ಹತ್ತಿದ ಕಲೆಯೂ ಸುಲಭಕ್ಕೆ ಹೋಗುವುದಿಲ್ಲ.

ಲೇಟೆಕ್ಸ್ ರಬ್ಬರ್ ಹಾಲಿನದು, ಅಮೋನಿಯಾ ವಾಸನೆ ಜೋರು. ಟಿಶ್ಯೂ ಪೇಪರ್ ಹರಿದು ಪದರ ಪದರವಾಗಿ ಅಂಟಿಸಿದರೆ ಸುಲಿದ ಚರ್ಮ, ಸುಟ್ಟ ಗಾಯ ಚೆನ್ನಾಗಿ ಬರುತ್ತದೆ. ಹುಬ್ಬಿಗೆ, ಕೂದಲಿಗೆ ಮೊದಲು ವ್ಯಾಸಲೀನ್ ಹಚ್ಚಲೇಬೇಕು. ರಬ್ಬರ್ ಅಲರ್ಜಿ ಇರುವವರಿಗೆ ಅಪಾಯ. ಅಲರ್ಜಿ ಇದೆ ಅಂತ ಗೊತ್ತಿದ್ದವರಿಗೆ ಹಚ್ಚುವುದೇ ಬೇಡ, ಉಳಿದವರಿಗೂ ಮೊಣಕೈ ಒಳಗಡೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾದು ನೋಡುತ್ತೇನೆ. ಆನ್‌ಲೈನಲ್ಲಿ ತರಿಸಿದ ಮೊದಲ ಬಾಟಲಿ ಗಂಟುಗಂಟಾಗಿ ಬಂತು, ಮಾರಿದವರು ವಾಪಸ್ ತೆಗೆದುಕೊಳ್ಳಲೂ ಇಲ್ಲ. ಈಗ ತಯಾರಾದ ತಾರೀಕು ಕೇಳಿಯೇ ತರಿಸುತ್ತೇನೆ.

ಲೇಟೆಕ್ಸ್ ಆಗದವರಿಗೆ ಜೆಲಟಿನ್ ಪುಡಿ, ಗ್ಲಿಸರಿನ್, ನೀರು ಬಿಸಿ ಮಾಡಿ ಗಾಯ ಕಟ್ಟಬಹುದು. ಮುಖಕ್ಕೆ ಹಾಕುವ ಮುಂಚೆ ಉಗುರುಬೆಚ್ಚಗಾಗಿದೆಯಾ ಅಂತ ಮಣಿಕಟ್ಟಿನ ಮೇಲೆ ನೋಡಿಕೊಳ್ಳಿ. ಜೆಲಟಿನ್ ಪ್ರಾಣಿಗಳ ಮೂಳೆ-ಚರ್ಮದಿಂದ ಬರುವುದು, ಆದ್ದರಿಂದ ಕಲಾವಿದರನ್ನು ಕೇಳಿಯೇ ಹಚ್ಚಬೇಕು. ನಮ್ಮ ತಂಡದಲ್ಲೇ ಬೇಡ ಅಂದವರಿದ್ದಾರೆ.

ಇತ್ತೀಚೆಗೆ ಸ್ನೇಹಿತರೊಬ್ಬರ ಆಲ್ಕೋಹಾಲ್ ಪ್ಯಾಲೆಟ್ ಬಳಸಿ ನೋಡಿದೆ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಅದ್ದಿ ಹಚ್ಚುವ ಬಣ್ಣ. ಬೆವರಿಗೂ ಜಗ್ಗಲಿಲ್ಲ, ಸೀರೆ ಸೆರಗಿಗೂ ಅಂಟಲಿಲ್ಲ. ಬೆಲೆ ಜಾಸ್ತಿ, ತೆಗೆಯುವುದಕ್ಕೆ ಬೇರೆ ರಿಮೂವರ್ ಬೇಕು, ಇಂಟರ್‌ವಲ್‌ನಲ್ಲಿ ಬಣ್ಣ ಬದಲಿಸುವ ನಾಟಕಕ್ಕೆ ಕಷ್ಟ. ಮಂಡ್ಯದ ಸುಗ್ಗಿ ನಾಟಕಗಳು ಶುರುವಾಗುವ ಹೊತ್ತಿಗೆ ಒಂದು ತರಿಸುತ್ತೇನೆ.