ಗಿನಿಪಿಗ್ ಮೂತ್ರಕೋಶದ ಕಲ್ಲು: ಜಯನಗರದ ಒಂದು ಕ್ಲಿನಿಕ್‌ಗೆ ನಾಲ್ಕು ನಕ್ಷತ್ರ

ನಮ್ಮ ಗಿನಿಪಿಗ್ 'ಕಡಲೆ' ಮೂತ್ರ ಮಾಡುವಾಗ ಬೆನ್ನು ಗೂನು ಮಾಡಿಕೊಂಡು ಕಿರುಚುತ್ತಿತ್ತು. ಹಾಸಿದ ಬಟ್ಟೆಯಲ್ಲಿ ರಕ್ತದ ಕಲೆ. ಮನೆ ಹತ್ತಿರದ ಪಶುವೈದ್ಯರು ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಸಿರಪ್ ಬರೆದರು. ನಾಯಿಗೆ ಅದು ಸರಿ. ಗಿನಿಪಿಗ್‌ಗೆ ಕುಡಿಸಿದರೆ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲನ ಕೆಟ್ಟು ಜೀವವೇ ಹೋಗಬಹುದು. ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಬಂದೆ.

ಜಯನಗರದ ವೈದ್ಯೆ ಮಾತಿಗೆ ಮೊದಲು ಎಕ್ಸ್‌ರೇ ತೆಗೆಸಿದರು. ಬಟಾಣಿಯಷ್ಟು ದಪ್ಪದ ಬಿಳಿ ಚುಕ್ಕೆ ಸ್ಪಷ್ಟವಾಗಿ ಕಂಡಿತು. ಈ ಪ್ರಾಣಿಗಳಲ್ಲಿ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಔಷಧಕ್ಕೆ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕು. 'ಹಿಂದಿನ ರಾತ್ರಿ ಉಪವಾಸ ಇರಿಸಬೇಡಿ, ಇವು ವಾಂತಿ ಮಾಡುವುದಿಲ್ಲ, ಹೊಟ್ಟೆ ಖಾಲಿಯಾದರೆ ಕರುಳು ನಿಂತುಬಿಡುತ್ತದೆ' ಎಂದರು. ಅಲ್ಲಿಗೇ ನನಗೆ ಅರ್ಧ ನಂಬಿಕೆ ಬಂತು.

ಶಸ್ತ್ರಚಿಕಿತ್ಸೆ ಆದಮೇಲೆ ನೋವಿಗೆ ಮೆಲಾಕ್ಸಿಕಾಮ್ ಕೊಟ್ಟರು, ಸಿರಿಂಜಿನಲ್ಲಿ ತಿನ್ನಿಸುವುದನ್ನು ತಾಳ್ಮೆಯಿಂದ ಕಲಿಸಿದರು. ಕಲ್ಲು ಮತ್ತೆ ಬಾರದಿರಲೆಂದು ಲೂಸರ್ನ್ ಹುಲ್ಲು, ಪಾಲಕ್ ಬಂದ್. ಟಿಮೊಥಿ ಹುಲ್ಲು, ಧಾರಾಳ ನೀರು, ವಿಟಮಿನ್ ಸಿಗೆ ದೊಣ್ಣೆಮೆಣಸಿನಕಾಯಿ.

ಒಂದು ನಕ್ಷತ್ರ ಕಡಿತ ಏಕೆಂದರೆ ಕಾಯುವ ಕೋಣೆ ಒಂದೇ, ತುಂಬ ಬೊಗಳುವ ನಾಯಿಗಳು. ಬಿಲ್ಲಂತೂ ಗಿನಿಪಿಗ್‌ನ ಬೆಲೆಗಿಂತ ಎಷ್ಟೋ ಪಟ್ಟು. ನಮ್ಮ ಮಾವನವರು ಇನ್ನೂ ಅದನ್ನೇ ಹೇಳುತ್ತಿದ್ದಾರೆ. ಹೋಗುವವರು ಬುಟ್ಟಿಗೆ ಮುಚ್ಚಲು ದಪ್ಪ ಬಟ್ಟೆ ಒಯ್ಯಿರಿ, ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ.